ಎರಡು ಕುದುರೆಯ ಬಂದೂಕು ಮತ್ತು ಪಿನ್ನರ್ ಸಾಹೇಬ

ನನ್ನಂಥ ಗಂಡಸಿಗೆ ಫಜೀತಿ ಆಗಬಾರದು. ಆದರೆ ವಾರಕ್ಕೊಂದು ಆಗುತ್ತಲೇ ಇರುತ್ತದೆ. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಕಬಡ್ಡಿ ಅಂಕಣಕ್ಕೆ ನಾನು ಇಳಿದರೆ ಕಾಲು ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲ. ಲಂಡನ್ನಿಗೆ ಬಂದು ಮೂರು ವರ್ಷ ಆಯಿತು, ನಾನು ಕೈಯಿಟ್ಟು ರಿಪೇರಿ ಮಾಡಿದ ಲಿಫ್ಟು ಮತ್ತೆ ನಡುವೆ ನಿಂತ ಉದಾಹರಣೆ ಇಲ್ಲ. ಇಂಥವನು ಒಂದು ಹಳೆಯ ಜೋಡಿ ನಳಿಗೆಯ ಬಂದೂಕು ಕೊಳ್ಳಲು ಹೊರಟದ್ದೇ ತಡ, ಫಜೀತಿಗಳು ಸಾಲುಗಟ್ಟಿ ಬಂದವು. ಒಂದರಲ್ಲೂ ನನ್ನ ತಪ್ಪಿಲ್ಲ. ಓದಿ ನೀವೇ ಹೇಳಿ.

೧. ದನಗಾಹಿ ಯಾರು?

ಎಲ್ಲ ಶುರುವಾದದ್ದು ಲಂಡನ್ನಿನ ಕೆಂಟನ್ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ, ಕನ್ನಡದವರ ದೀಪಾವಳಿ ಕೂಟದಲ್ಲಿ. ಊಟದ ಸಾಲಿನಲ್ಲಿ ನನ್ನ ಎದುರಿಗೆ ಒಬ್ಬ ಬೆಂಗಳೂರಿನವನು ಕೂತಿದ್ದ. ಕಂಪ್ಯೂಟರ್ ಕೆಲಸ, ಲಂಡನ್ನಿನ ಹೊರವಲಯದ ಪಿನ್ನರ್‌ನಲ್ಲಿ ಸ್ವಂತ ಮನೆ, ಹಿಂದೆ ಸೇಬಿನ ಗಿಡ. ನಾನು ಲಂಡನ್ನಿಗೆ ಬಂದ ಮೊದಲ ತಿಂಗಳಿನಿಂದ ಅವನನ್ನು ಬಲ್ಲೆ, ಬ್ಯಾಡ್ಮಿಂಟನ್ ಆಡಲು ಬರುತ್ತಿದ್ದ. ಮನಸ್ಸಿನಲ್ಲಿ ನಾನು ಅವನಿಗೆ ಪಿನ್ನರ್ ಸಾಹೇಬ ಅಂತ ಹೆಸರಿಟ್ಟಿದ್ದೇನೆ. ಗೌರವದಿಂದ ಇಟ್ಟದ್ದಲ್ಲ.

ಆ ದಿನ ಅವನ ಫೋನು ಎಲೆಯಿಂದ ಎಲೆಗೆ ತಿರುಗುತ್ತಿತ್ತು. ಫೋಟೋದಲ್ಲಿ ಸಾಹೇಬ ಅಗಲ ಅಂಚಿನ ಟೋಪಿ, ಚರ್ಮದ ಬೂಟು ಹಾಕಿ, ಭುಜದ ಮೇಲೆ ಜೋಡಿ ನಳಿಗೆಯ ಬಂದೂಕು ಇಟ್ಟುಕೊಂಡು ನಿಂತಿದ್ದ.

"ಕೌಬಾಯ್ ಶೂಟಿಂಗ್ ಗುರು," ಅಂದ. "ಹಳೇ ಕಾಲದ ಥರ ಡ್ರೆಸ್ ಹಾಕ್ಕೊಂಡು, ಹಳೇ ಥರದ ಬಂದೂಕಲ್ಲಿ ಕಬ್ಬಿಣದ ತಟ್ಟೆ ಬೀಳಿಸ್ಬೇಕು. ಗಡಿಯಾರ ಓಡ್ತಿರುತ್ತೆ. ಸಖತ್ ಮಜಾ. ನಿಂಗೆಲ್ಲ ಸ್ವಲ್ಪ ಕಷ್ಟ ಆಗ್ಬೋದು."

ಅಷ್ಟು ಹೊತ್ತಿಗೆ ಫೋನು ನನ್ನ ಹೆಂಡತಿಯ ಕೈಗೆ ಬಂತು. ಆಕೆ ಫೋಟೋ ದೊಡ್ಡದು ಮಾಡಿ ನೋಡಿ, "ಅಯ್ಯ, ಎಷ್ಟ್ ಛಂದ ಕಾಣಸ್ತಾರ್ರಿ ಟೋಪಿ ಒಳಗ!" ಅಂದಳು.

ಬಿಸಿಬೇಳೆಬಾತ್ ಎಲೆಯ ಅಂಚಿಗೆ ದೂಡಿದೆ. ಕೌಬಾಯ್ ಅಂದರೆ ಏನು? ದನ ಕಾಯುವವನು. ದನ ಕಾದವರು ಯಾರು? ನಾನು. ಏಳನೇ ವಯಸ್ಸಿಗೆ ಹನ್ನೊಂದು ಎಮ್ಮೆ, ನಾಲ್ಕು ಆಕಳು ಹೊಡೆದುಕೊಂಡು ಹಳ್ಳದ ದಂಡೆಗೆ ಹೋದವನು ನಾನು. ಈ ಸಾಹೇಬ ಹಾಲನ್ನು ಪ್ಯಾಕೆಟ್ಟಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಅವನು ಕೌಬಾಯ್ ಆಗಿ ಫೋಟೋ ತೆಗೆಸಿಕೊಳ್ಳುವುದು, ನನ್ನ ಹೆಂಡತಿ ಅದನ್ನು ಹೊಗಳುವುದು!

ಎದ್ದು ನಿಂತೆ. ಕೈಯಲ್ಲಿ ಹಪ್ಪಳ ಇತ್ತು, ಅದನ್ನೇ ಎತ್ತಿ ಹಿಡಿದೆ. "ಕೇಳ್ರಿ ಸಾಹೇಬ್ರ! ನಮ್ಮಜ್ಜನ ಬಂದೂಕಿನ ಸಪ್ಪಳಕ್ಕ ಮೂರು ಊರಿನ ಹಂದಿ ಓಡ್ತಿದ್ದು. ಯುಗಾದಿ ಕೂಟ ಬರೂದ್ರೊಳಗ ನನ್ನ ಸ್ವಂತ ಬಂದೂಕು ಬರ್ತದ. ನಿಮ್ಮ ಪಕ್ಕಕ್ಕ ನಿಂತು ನಿಮ್ಮನ್ನ ಸೋಲಸ್ತೀನಿ. ಯುಗಾದಿಗಿ ಬಂದೂಕು ಬರಲಿಲ್ಲಂದ್ರ ಈ ಹಾಲಿನ್ಯಾಗ ನಾ ಮತ್ತ ಕಾಲಿಡಂಗಿಲ್ಲ!"

ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿ, ಎಲ್ಲರಿಗೂ ಕೇಳುವಂತೆ ಅಂದಳು: "ಇವರು ಬರದಿದ್ರ ಇರ್ಲಿ ಬಿಡ್ರಿ. ನಾ ಬರ್ತೀನಿ. ನಂದೊಂದು ಎಲಿ ಹಾಕ್ರಿ."

೨. ಎರಡು ಇಂಚು

ದಕ್ಷಿಣ ಲಂಡನ್ನಿನ ಸಟನ್ ದಾಟಿ ಸ್ವಲ್ಪ ದೂರದಲ್ಲಿ ಹಳೆಯ ಬಂದೂಕು ಮಾರುವ ಅಂಗಡಿಯೊಂದಿದೆ. ಸಾಹೇಬ ಕೊಂಡದ್ದೂ ಅಲ್ಲೇ ಅಂತ ಗೊತ್ತು ಮಾಡಿಕೊಂಡು ಹೋದೆ. ಪರವಾನಗಿ ಬರುವವರೆಗೆ ಬಂದೂಕು ಮನೆಗೆ ತರುವಂತಿಲ್ಲ. ಆದರೆ ಆರಿಸಿ, ನನ್ನ ಹೆಸರಿಗೆ ತೆಗೆದಿಡಿಸಬಹುದು. ಅಂಗಡಿಯಾತ ವಯಸ್ಸಾದ ಇಂಗ್ಲಿಷ್ ಮನುಷ್ಯ, ಕನ್ನಡಕದ ಮೇಲಿನಿಂದ ನೋಡುವವನು.

"ನನ್ನ ಸ್ನೇಹಿತರೊಬ್ಬರು ಪಿನ್ನರ್‌ನಿಂದ ಬಂದಿದ್ದರಲ್ಲ, ಅವರು ಯಾವುದು ತಗೊಂಡರು?"

"ಗಿರಾಕಿಗಳ ವಿಷಯ ನಾನು ಹೇಳುವುದಿಲ್ಲ ಸರ್."

"ಬೇಡ ಬಿಡಿ. ಅದಕ್ಕಿಂತ ಒಳ್ಳೆಯದು ಕೊಡಿ."

"ಯಾವುದಕ್ಕಿಂತ?"

"ನೀವು ಹೇಳೋದಿಲ್ಲ ಅಂದಿರಲ್ಲ, ಅದಕ್ಕಿಂತ."

ಮುದುಕ ಒಂದು ನಿಮಿಷ ಕನ್ನಡಕ ಒರೆಸಿಕೊಂಡ. ಗೋಡೆಯ ಮೇಲೆ ಫಳಫಳ ಹೊಳೆಯುವುದೊಂದು ಇತ್ತು, ಮೈತುಂಬ ಹೂಬಳ್ಳಿ ಕೆತ್ತನೆ. ಕೈ ತೋರಿಸಿದೆ. ಆತ ಇಳಿಸಿ, ನಳಿಗೆಯನ್ನು ಬುಡದಲ್ಲಿ ಮಡಚಿ ತೆರೆದು ತೋರಿಸಿದ. ಒಳಗಿದ್ದ ಖಾಲಿ ತೋಟಾ ಟಪ್ ಅಂತ ತಾನಾಗಿ ಹಿಂದಕ್ಕೆ ಹಾರಿ ಬಿತ್ತು. ಮದುವೆ ಮನೆಯಲ್ಲಿ ಇಂಥದನ್ನು ಹಿಡಿದು ನಿಂತರೆ ವರನನ್ನು ಯಾರೂ ನೋಡುವುದಿಲ್ಲ.

"ಇದೇ ಇರಲಿ," ಅಂದೆ.

"ಯಾವ ಆಟಕ್ಕೆ ಸರ್?"

"ಕೌಬಾಯ್ ಆಟಕ್ಕೆ."

"ಹಾಗಾದರೆ ಆಗುವುದಿಲ್ಲ. ತೋಟಾ ತಾನಾಗಿ ಹಾರಿದರೆ ಆ ಆಟದಲ್ಲಿ ಒಪ್ಪುವುದಿಲ್ಲ. ಹಳೆಯ ಕಾಲದಂತೆ ಕೈಯಿಂದಲೇ ಕಿತ್ತು ಬಿಸಾಡಬೇಕು."

ಕೊನೆಗೆ ಮೂಲೆಯಿಂದ ಒಂದು ತೆಗೆದ. ಅರವತ್ತು ವರ್ಷ ಹಳೆಯದು, ಹಿಡಿಯ ಮೇಲೆ ಗೀರು, ಕೆತ್ತನೆ ಏನೂ ಇಲ್ಲ. ನಳಿಗೆಗಳ ಹಿಂದೆ ಎರಡು ಕುದುರೆ ಮಾತ್ರ ಕಿವಿ ನಿಮಿರಿಸಿ ನಿಂತಿದ್ದವು. ಗುಂಡು ಹಾರುವ ಮುಂಚೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುತ್ತಾರಲ್ಲ, ಆ ಕೊಕ್ಕೆಗೆ ನಮ್ಮ ಕಡೆ ಕುದುರೆ ಅಂತಲೇ ಹೆಸರು. ನನಗೆ ಮನಸ್ಸು ಬರಲಿಲ್ಲ.

"ನಳಿಗೆ ಅವರದಕ್ಕಿಂತ ಉದ್ದ ಇದೆಯಾ?" ಅಂತ ಕೇಳಿದೆ.

"ಈ ಆಟಕ್ಕೆ ನಳಿಗೆ ಗಿಡ್ಡ ಇದ್ದಷ್ಟೂ ಒಳ್ಳೆಯದು ಸರ್. ಬೇಗ ತಿರುಗುತ್ತದೆ."

"ಅವರದಕ್ಕಿಂತ ಗಿಡ್ಡ ಇದೆಯಾ ಹಾಗಾದರೆ?"

"ಗಿರಾಕಿಗಳ ವಿಷಯ ನಾನು..."

ನಾನು ಜಾಕೆಟ್ಟಿನ ಗುಂಡಿ ಹಾಕಿಕೊಂಡು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಮೆಲ್ಲಗೆ ದನಿ ಬಂತು: "ಎರಡು ಇಂಚು ಗಿಡ್ಡ."

ಅಲ್ಲೇ ಮುಗಿಸಿದೆ ವ್ಯಾಪಾರ. ವಾಪಸು ರೈಲಿನಲ್ಲಿ ಕೂತ ಮೇಲೆ ಗೊತ್ತಾಯಿತು, ನನ್ನದು ಗಿಡ್ಡ ಅಂತ ಹೆಮ್ಮೆಯಿಂದ ಮನೆಗೆ ಹೊರಟ ಮೊದಲ ಗಂಡಸು ನಾನೇ ಇರಬೇಕು.

೩. ಅರವತ್ತು ವರ್ಷದ ಕುದುರೆ

ಸುದ್ದಿ ಊರಿಗೆ ತಿಳಿಸಬೇಕಲ್ಲ. ಅಪ್ಪನಿಗೆ ಫೋನ್ ಹಚ್ಚಿ, "ಎರಡು ಕುದುರಿ ಬಂದೂಕು ತಗೊಂಡೀನಪಾ" ಅಂದೆ. ಅಪ್ಪ ಟ್ರ್ಯಾಕ್ಟರ್ ಮೇಲಿದ್ದ. ಆ ಸಪ್ಪಳದಲ್ಲಿ "ಎರಡು ಕುದುರಿ" ದಾಟಿಕೊಂಡು ಹೋಯಿತು, "ಬಂದೂಕು" ದಾಟಲಿಲ್ಲ. ಹತ್ತೇ ನಿಮಿಷಕ್ಕೆ ಕಾಕಾನ ಫೋನು.

"ಲೇ ತಮ್ಮಾ, ಖರೇನೇನೋ? ಎಲ್ಲಿ ಕಟ್ಟೀದಿ?"

ಕಟ್ಟುವುದು ಅಂದರೆ ಗೋಡೆಗೆ ತೂಗು ಹಾಕುವುದು ಅಂತ ನಾನು ತಿಳಿದೆ. "ಇನ್ನೂ ಮನೀಗಿ ತಂದಿಲ್ಲ ಕಾಕಾ. ಅಂಗಡ್ಯಾಗ ಬಿಟ್ಟೀನಿ. ಪೊಲೀಸರು ಲೈಸನ್ಸ್ ಕೊಟ್ಟ ಮ್ಯಾಲ ತರಾವ."

"ಅಂಗಡ್ಯಾಗ ಮಾರ್ತಾರೇನ ಅಲ್ಲಿ? ಪೊಲೀಸರ ಲೈಸನ್ಸ್ ಬ್ಯಾರೆ! ಹೋಗ್ಲಿ, ವಯಸ್ಸೆಷ್ಟು?"

"ಅರವತ್ತು ವರ್ಷ ಆಗ್ಯಾವ."

"ಅರವತ್ತು? ಹಲ್ಲು ನೋಡೀದೇನೋ?"

"ಹಲ್ಲೆಲ್ಲಿಂದ ಬರ್ತಾವ ಕಾಕಾ? ದಿನಾ ಎಣ್ಣಿ ಹಚ್ಚಿ ಒರಸಿ ಇಟ್ರ ಇನ್ನ ಐವತ್ತು ವರ್ಷ ಹಿಂಗಽ ಇರ್ತಾವ."

"ಹಿಂದಿನಿಂದ ಒದೀತಾವೇನು?"

"ಒದೀತಾವ. ಭುಜಕ್ಕ ಒದೀತಾವ. ಗಟ್ಟಿ ಹಿಡಕೊಂಡ್ರ ಏನೂ ಆಗಂಗಿಲ್ಲ."

ಕಾಕಾ ಫೋನು ಕಿವಿಯಿಂದ ತೆಗೆಯುವುದನ್ನು ಮರೆತು ಕಟ್ಟೆಯ ಮೇಲಿನ ಮಂದಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಹಲ್ಲಿಲ್ಲದ ಎರಡು ಮುದಿ ಕುದುರಿ ಈ ಹುಡುಗನ ಕೊಳ್ಳಿಗಿ ಕಟ್ಯಾರ ನೋಡ್ರಪಾ. ಭುಜದ ಮಟಾ ಒದೀತಾವಂತ!"

ಆಗ ನನಗೆ ಅರ್ಥವಾಯಿತು. ತಿದ್ದಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಕಟ್ಟೆಯಿಂದ ಯಾರೋ, "ಆದ್ರೂ ಲಂಡನ್ನಿನ್ಯಾಗ ಎರಡು ಕುದುರಿ ಅಂದ್ರ ಸಣ್ಣ ಮಾತಲ್ಲ ಬಿಡು" ಅಂದರು. ಬಾಯಿ ಮುಚ್ಚಿಕೊಂಡೆ. ಪಿನ್ನರ್ ಸಾಹೇಬನಿಗೆ ಇರುವುದು ಒಂದು ಬಂದೂಕು. ನಮ್ಮೂರಲ್ಲಿ ನನಗೆ ಇವತ್ತಿಗೂ ಎರಡು ಕುದುರೆ ಇವೆ.

೪. ಒಳ್ಳೆಯವನು ಅಂತ ಹೇಳುವವರು

ಪರವಾನಗಿಯ ಅರ್ಜಿಗೆ ಎರಡು ಕಡೆಯಿಂದ ಮಾತು ಬೇಕು. ಒಂದು, ಜಿಪಿ ಅನ್ನುವ ಬಡಾವಣೆಯ ಡಾಕ್ಟರಿಂದ ಆರೋಗ್ಯದ ಕಾಗದ. ಅದು ಸಿಕ್ಕಿತು, ನನ್ನ ಮೈಕಟ್ಟು ನೋಡಿದರೆ ಯಾರು ಬೇಕಾದರೂ ಕೊಡುತ್ತಾರೆ. ಇನ್ನೊಂದು, ನನ್ನನ್ನು ಇಲ್ಲಿ ಎರಡು ವರ್ಷದಿಂದ ಬಲ್ಲವರೊಬ್ಬರು "ಇವನು ಒಳ್ಳೆಯ ನಡತೆಯವನು" ಅಂತ ಪೊಲೀಸರಿಗೆ ಹೇಳಬೇಕು. ಮನೆಯವರು ನಡೆಯುವುದಿಲ್ಲ.

ಕೆಲಸದ ಮೇಲಧಿಕಾರಿಯನ್ನು ಕೇಳೋಣವೆಂದರೆ ಈ ಕಂಪನಿಗೆ ಸೇರಿ ಹದಿನಾಲ್ಕು ತಿಂಗಳಷ್ಟೇ. ನನ್ನ ಜೊತೆಯ ಹುಡುಗರೆಲ್ಲ ನನಗಿಂತ ಆಮೇಲೆ ಬಂದವರು. ಪಕ್ಕದ ಮನೆಯ ಗುಜರಾತಿ ಅಜ್ಜಿಗೆ ನನ್ನ ಮೇಲೆ ಭಾರಿ ಪ್ರೀತಿ. ಕೇಳಿದ್ದಕ್ಕೆ ಆಕೆ, "ಬೇಟಾ, ನೀನು ಒಳ್ಳೆಯವನು ಅಂತ ಯಾರಿಗೆ ಬೇಕಾದರೂ ಹೇಳುತ್ತೇನೆ. ಆದರೆ ನಿನ್ನ ಕೈಗೆ ಬಂದೂಕು ಕೊಡಿ ಅಂತ ಮಾತ್ರ ಹೇಳಿಸಬೇಡ" ಅಂದಳು.

ಬೆರಳು ಮಡಿಸಿ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಒಂದೇ ಹೆಸರು ಉಳಿಯುತ್ತಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಊರಿನಿಂದ ಬಂದ ಕರದಂಟಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಪಿನ್ನರ್‌ಗೆ ಹೋದೆ.

"ಏನ್ ಗುರು, ದಾರಿ ತಪ್ಪಿ ಬಂದ್ಯಾ?" ಸಾಹೇಬ ಬಾಗಿಲಲ್ಲೇ ನಕ್ಕ. ಒಳಗೆ ಕೂರಿಸಿದ. ಕಿಟಕಿಯಾಚೆ ಹುಲ್ಲು ಕಂಬಳಿ ಹಾಸಿದಂತಿತ್ತು. ನಮ್ಮ ಮನೆಯ ಹಿಂದೆ ಇರುವುದು ಕೌನ್ಸಿಲ್ಲಿನ ಮೂರು ಕಸದ ಡಬ್ಬಿ. ಸಾಹೇಬನ ಕಾಫಿಯೂ ಚೆನ್ನಾಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ವಿಷಯ ಹೇಳಿದೆ. ಅವನು ಕರದಂಟಿನ ತುಂಡೊಂದು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ. "ಅಂದ್ರೆ ನೀನು ಒಳ್ಳೆಯವ್ನು ಅಂತ ನಾನು ಪೊಲೀಸ್ನೋರಿಗೆ ಹೇಳ್ಬೇಕು. ಯಾಕೆ? ನನ್ನನ್ನ ಸೋಲ್ಸೋಕೆ."

"ಹೌದ್ರಿ."

"ಹೇಳ್ತೀನಿ. ಆದ್ರೆ ಮೊದ್ಲು ನೀನು ಹೇಳು."

"ಏನಂತ?"

"ನಾನು ಒಳ್ಳೆಯವ್ನು ಅಂತ."

ನಾನು ಗೋಡೆ ನೋಡಿದೆ, ಹುಲ್ಲು ನೋಡಿದೆ. ಯುಗಾದಿ ಹತ್ತಿರ ಬರುತ್ತಿತ್ತು. "ಒಳ್ಳೆಯವರಿದ್ದೀರಿ," ಅಂದೆ.

"ಕೇಳಿಸ್ಲಿಲ್ಲ ಗುರು."

"ಒಳ್ಳೆಯವರಿದ್ದೀರಿ!"

ಅಡುಗೆಮನೆಯಿಂದ ಅವನ ಹೆಂಡತಿ ಓಡಿ ಬಂದು, "ಯಾಕ್ರೀ, ಯಾರ ಜೊತೆ ಜಗಳ?" ಅಂದಳು.

೫. ಕಪಾಟಿನ ಕೀಲಿ

ಆಮೇಲೆ ಪೊಲೀಸ್ ಇಲಾಖೆಯಿಂದ ಒಬ್ಬ ಹೆಂಗಸು ಮನೆ ನೋಡಲು ಬರುತ್ತಾಳೆ ಅಂತ ಕಾಗದ ಬಂತು. ಆಕೆ ಒಪ್ಪಿದರೆ ಪರವಾನಗಿ, ಇಲ್ಲದಿದ್ದರೆ ಇಲ್ಲ. ಬಂದೂಕು ಇಡಲು ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಕಪಾಟು ಇರಬೇಕು. ಲಿಫ್ಟಿನ ಮನುಷ್ಯ ನಾನು, ಅಂಥ ಬೋಲ್ಟು ಹಾಕಿದೆ, ಗೋಡೆ ಕಿತ್ತು ಬಂದರೂ ಕಪಾಟು ಬರುವುದಿಲ್ಲ.

ಆಕೆ ಬಂದಳು. ಗಂಭೀರ ಮುಖ, ಕೈಯಲ್ಲಿ ಫೈಲು. ಕಪಾಟಿನ ಬಾಗಿಲ ಮೇಲೆ ಅರಿಸಿನ ಕುಂಕುಮ ಇತ್ತು. "ಇದೇನು ಕಲೆ?" ಅಂತ ಬೆರಳಿನಿಂದ ಮುಟ್ಟಿದಳು.

"ಪೂಜೆ," ಅಂದೆ. "ಹೊಸ ಕಬ್ಬಿಣಕ್ಕೆ ನಮ್ಮಲ್ಲಿ ಮಾಡುತ್ತೇವೆ."

"ತೆರೆಯಿರಿ."

ನಾನು ಬಾಯಿ ತೆರೆಯುವ ಮುಂಚೆಯೇ ಹೆಂಡತಿ ಸೊಂಟದಿಂದ ಗೊಂಚಲು ತೆಗೆದು ಟಕ್ ಅಂತ ತೆರೆದಳು. ಒಳಗೆ ಎರಡು ಇಳಕಲ್ ಸೀರೆ, ಬೆಳ್ಳಿಯ ಸಮೆ ದೀಪ, ಆಕೆಯ ತವರಿನ ಪಾಟ್ಲಿ ಬಳೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ.

ಅಧಿಕಾರಿಯ ಹುಬ್ಬು ಮೇಲೇರಿತು. "ಈ ಕಪಾಟಿನ ಕೀಲಿ ಬಂದೂಕಿನ ಪರವಾನಗಿ ಇರುವವರ ಹತ್ತಿರ ಮಾತ್ರ ಇರಬೇಕು. ಹೆಂಡತಿಗೂ ಕೊಡುವಂತಿಲ್ಲ. ಎಲ್ಲಿದೆ ಅಂತ ಗೊತ್ತೂ ಇರಬಾರದು."

ಇದನ್ನು ನಾನು ಕನ್ನಡದಲ್ಲಿ ಹೇಳಿದೆ. ಹೆಂಡತಿ ನಂಬಲಿಲ್ಲ. "ನೀವಽ ಸೇರಸಿ ಹೇಳಾಕತ್ತೀರಿ. ಕಬ್ಬಿಣದ ಕಪಾಟಿನ ಕೀಲಿ ಗಂಡಸರ ಹತ್ರ ಯಾವ ಮನ್ಯಾಗ ಇರ್ತದ? ನಮ್ಮತ್ತಿ ಸಾಯೂತನಕ ಬಿಟ್ಟಿಲ್ಲ."

ಆಕೆ ನೇರವಾಗಿ ಇಂಗ್ಲಿಷಿನಲ್ಲಿ ಅಧಿಕಾರಿಯನ್ನೇ ಕೇಳಿದಳು. ಅಧಿಕಾರಿ ಮತ್ತೊಮ್ಮೆ ಹೇಳಿದಳು. ಹೆಂಡತಿ ಮಗಳನ್ನು ಗಂಡನ ಮನೆಗೆ ಕಳಿಸುವವಳ ಮುಖ ಮಾಡಿ, ಗೊಂಚಲಿನಿಂದ ಆ ಒಂದು ಕೀಲಿ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟಳು. ಮದುವೆಯಾಗಿ ಐದು ವರ್ಷಕ್ಕೆ ಕಪಾಟಿನ ಕೀಲಿ ನನ್ನ ಕೈಗೆ ಬಂತು. ಅಷ್ಟಕ್ಕೆ ಬ್ರಿಟಿಷ್ ಪೊಲೀಸರು ಮನೆಗೆ ಬರಬೇಕಾಯಿತು.

೬. ಹೊಡೀತೀನಿ

ಅಷ್ಟಕ್ಕೇ ಮುಗಿದಿದ್ದರೆ ಗೆದ್ದೆ ಅನ್ನುತ್ತಿದ್ದೆ. ಸೀರೆ, ಬಳೆ ಮಂಚದ ಕೆಳಗೆ ಹೋದವು. ಅಧಿಕಾರಿ ಚಹಾ ಕುಡಿಯುತ್ತ ನನ್ನ ಹೆಂಡತಿಯ ಕಡೆ ತಿರುಗಿದಳು. ಮನೆಯವರನ್ನೂ ಮಾತಾಡಿಸುವುದು ಆಕೆಯ ಕೆಲಸವಂತೆ.

"ನಿಮ್ಮ ಗಂಡನಿಗೆ ಯಾರ ಮೇಲಾದರೂ ಸಿಟ್ಟು, ದ್ವೇಷ ಇದೆಯೇ?"

ನನ್ನ ಹೆಂಡತಿಗೆ ಒಂದು ಗುಣ. ಸರಕಾರದವರು ಪ್ರಶ್ನೆ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಸಂಜೆ ತರಗತಿಗೆ ಹೋಗಿ ಕಲಿತ ಇಂಗ್ಲಿಷಿನಲ್ಲಿ, ಒಂದೊಂದು ಪದ ತೂಗಿ ಹೇಳಿದಳು: "ಎಲ್ಲರ ಮೇಲೆ ಇಲ್ಲ. ಪಿನ್ನರ್‌ನಲ್ಲಿ ಒಬ್ಬ ಇದ್ದಾನೆ. ದಿನಾ ಬೆಳಿಗ್ಗೆ ಹಲ್ಲು ತಿಕ್ಕುವಾಗ ಇವರು ಕನ್ನಡಿ ನೋಡಿ ಹೇಳುತ್ತಾರೆ: ಬಂದೂಕು ಬರಲಿ, ಅವನನ್ನು ಶೂಟ್ ಮಾಡುತ್ತೇನೆ."

ಅಧಿಕಾರಿ ಚಹಾದ ಕಪ್ ಬಸಿಯ ಮೇಲೆ ಇಟ್ಟಳು.

ನಾನು ಹೇಳುತ್ತಿದ್ದದ್ದು ಇಷ್ಟೇ: "ಬಂದೂಕು ಬರ್ಲಿ, ಅವನ್ನ ಹೊಡೀತೀನಿ." ಪಂದ್ಯದಲ್ಲಿ ಹೊಡೆಯುವುದು! ಬಂದೂಕಿನ ಮಾತು ಬಂದಾಗ ಹೊಡೆ ಅಂದರೆ ಶೂಟ್ ಅಂತ ಹೆಂಡತಿಯ ತರಗತಿಯ ಪುಸ್ತಕದಲ್ಲಿ ಇತ್ತಂತೆ. ನಾನು ಎದ್ದು ನಿಂತು ವಿವರಿಸತೊಡಗಿದೆ. "ಮೇಡಂ, ನಮ್ಮ ಭಾಷೆಯಲ್ಲಿ ಹೊಡೆಯುವುದು ಬಹಳ ಸಾಧಾರಣ. ನಾವು ಎತ್ತಿನ ಗಾಡಿ ಹೊಡೆಯುತ್ತೇವೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೇವೆ. ಸ್ನೇಹಿತರ ಜೊತೆ ಹರಟೆ ಹೊಡೆಯುತ್ತೇವೆ."

ಆಕೆ ಬರೆದುಕೊಳ್ಳುತ್ತ ಕೇಳಿದಳು: "ಅಂದರೆ ನೀವು ಸ್ನೇಹಿತರನ್ನೂ ಹೊಡೆಯುತ್ತೀರಿ?"

ಯುಗಾದಿ ಕೂಟ, ಸಭಾಂಗಣ, ಸಾಲು, ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಆಕೆ ಫೈಲಿನ ಹಾಳೆ ತಿರುವಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ನಿಮ್ಮ ನಡತೆ ಒಳ್ಳೆಯದು ಅಂತ ಹೇಳಲು ನೀವು ಕೊಟ್ಟಿರುವ ಹೆಸರು... ವಿಳಾಸ ಪಿನ್ನರ್. ಇದು ಬೇರೆಯವರೇ?"

"ಅವರೇ," ಅಂದಳು ಹೆಂಡತಿ, ನನಗಿಂತ ಮುಂಚೆ.

"ಇವರು ಶೂಟ್ ಮಾಡಬೇಕೆಂದಿರುವವರೂ, ಇವರು ಒಳ್ಳೆಯವರು ಅಂತ ಹೇಳುವವರೂ ಒಬ್ಬರೇ?"

"ಹೌದು ಮೇಡಂ. ಅವರು ಬಹಳ ಒಳ್ಳೆಯ ಮನುಷ್ಯ. ಅದಕ್ಕೇ ನಮ್ಮವರಿಗೆ ಅವರನ್ನು ಕಂಡರೆ ಆಗುವುದಿಲ್ಲ."

ಅಧಿಕಾರಿ ಅಲ್ಲೇ ಫೋನ್ ತೆಗೆದಳು. "ಹೇಗೂ ಕೇಳಲೇಬೇಕು, ಈಗಲೇ ಕೇಳುತ್ತೇನೆ," ಅಂದು ಕಿಟಕಿಯ ಹತ್ತಿರ ಹೋಗಿ ನಿಂತಳು. ಮೆಲ್ಲಗೆ ಮಾತಾಡಿದಳು. ಆದರೆ ಪಿನ್ನರ್ ಸಾಹೇಬನ ಗಂಟಲು ಎಂಥದೆಂದರೆ ಸ್ಪೀಕರ್ ಹಾಕದಿದ್ದರೂ ಫೋನಿನಿಂದ ಕೋಣೆ ತುಂಬ ಬರುತ್ತದೆ.

"ಅವನು ನನ್ನನ್ನು ಶೂಟ್ ಮಾಡುತ್ತಾನಂತೆಯೇ?" ಸಾಹೇಬ ಹೊಟ್ಟೆ ಹಿಡಿದು ನಗುವುದು ಕೇಳಿಸಿತು. "ಮೇಡಂ, ಅದು ಪಂದ್ಯದ ಮಾತು, ಅವನು ಮಾತಿನ ಗಂಡು ಅಷ್ಟೇ. ಹೋದ ಭಾನುವಾರ ಅವನನ್ನು ನಮ್ಮ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಬಂದೂಕು ಕೊಟ್ಟು ಪಕ್ಕದಲ್ಲೇ ನಿಂತಿದ್ದೆ. ಹತ್ತು ಹೆಜ್ಜೆ ದೂರದ ಕಬ್ಬಿಣದ ತಟ್ಟೆಗೆ ಹನ್ನೆರಡು ಸಲ ಹೊಡೆದ. ತಟ್ಟೆ ಇನ್ನೂ ನಿಂತಿದೆ. ಇವನು ನನ್ನ ಕಡೆ ಗುರಿ ಇಟ್ಟ ಅಂದರೆ, ಇಡೀ ಲಂಡನ್ನಿನಲ್ಲಿ ಏನೂ ಆಗದೆ ಉಳಿಯುವವನು ನಾನೊಬ್ಬನೇ. ಧೈರ್ಯವಾಗಿ ಕೊಡಿ."

ಆ ಭಾನುವಾರದ ಸಂಗತಿ ನಾನು ಇಲ್ಲಿ ಬರೆದಿರಲಿಲ್ಲ. ಬರೆಯುವವನೂ ಇರಲಿಲ್ಲ. ಅವತ್ತು ಗಾಳಿ ಎಡದಿಂದ ಬೀಸುತ್ತಿತ್ತು, ಬೂಟು ಬಿಗಿಯಾಗಿತ್ತು, ಬಂದೂಕು ಅವನದು.

ಅಧಿಕಾರಿ ನಮ್ಮ ಕಡೆ ಬೆನ್ನು ಮಾಡಿಯೇ ಸ್ವಲ್ಪ ಹೊತ್ತು ನಿಂತಳು. ಭುಜ ಮಾತ್ರ ಕುಣಿಯುತ್ತಿತ್ತು. ತಿರುಗಿದಾಗ ಮುಖ ಮತ್ತೆ ಗಂಭೀರ. ಫೈಲು ತೆರೆದು ಒಂದು ಟಿಕ್ ಹಾಕಿದಳು.

ಯುಗಾದಿಗೆ ಒಂಬತ್ತು ದಿನ ಇರುವಾಗ ಪರವಾನಗಿ ಅಂಚೆಯಲ್ಲಿ ಬಂತು, ಮರುದಿನ ಬಂದೂಕು ಕಪಾಟಿಗೆ ಬಂತು. ಕೂಟದಲ್ಲಿ ಪರವಾನಗಿಯನ್ನು ಎಲೆಯಿಂದ ಎಲೆಗೆ ಎಲ್ಲರಿಗೂ ತೋರಿಸಿದೆ. ಹೆಸರಿದೆ, ವಿಳಾಸ ಇದೆ, ಫೋಟೋ ಇದೆ. ಯಾವ ಕಾರಣಕ್ಕೆ ಕೊಟ್ಟರು ಅಂತ ಮಾತ್ರ ಬರೆದಿಲ್ಲ. ಇಂಗ್ಲಿಷಿನವರು ಮರ್ಯಾದಸ್ಥ ಜನ.